ನೆಟ್ ಯಾಕೆ ಬರ್ತಿಲ್ಲ? ಮೊಬೈಲ್, ವೈಫೈ, ಕಂಪ್ಯೂಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಊರಿಂದ ಬಂದ ಫೋನಿನಲ್ಲಿ, ಓದುಗರು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ಹೋಗಿ.

## ಮೊದಲ ಪಾಠ

ವೈಫೈ ಅಂದ್ರೂ ಇಂಟರ್‌ನೆಟ್ ಅಂದ್ರೂ ಒಂದೇ ಅಲ್ವಾ?

ಅಲ್ಲ. ವೈಫೈ ನಿಮ್ಮ ಫೋನಿನಿಂದ ಮನೆಯ ರೂಟರ್ (ನೆಟ್ ಹಂಚುವ ಡಬ್ಬಿ) ತನಕದ ರೇಡಿಯೊ ಸಂಪರ್ಕ, ಅಷ್ಟೇ. ರೂಟರ್‌ನಿಂದ ಆಚೆಗೆ ಫೈಬರ್, ಅದರಾಚೆ ಕಂಪನಿಯ ಜಾಲ, ಅದರಾಚೆ ಇಂಟರ್‌ನೆಟ್. ಫೋನಿನಲ್ಲಿ ವೈಫೈ ಗುರುತು ತುಂಬಿದೆ, ಆದರೂ ಏನೂ ತೆರೆಯುತ್ತಿಲ್ಲ ಎಂದರೆ ಮನೆಯೊಳಗಿನ ದಾರಿ ಚೆನ್ನಾಗಿದೆ, ತೊಂದರೆ ಆಚೆ ಇದೆ. ರೂಟರ್ ಪಕ್ಕ ಕೂತರೆ ಚೆನ್ನಾಗಿ ಬರುತ್ತೆ, ರೂಮಿಗೆ ಹೋದರೆ ಬರಲ್ಲ ಎಂದರೆ ತೊಂದರೆ ಒಳಗೇ ಇದೆ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿಯೂ ಇದೇ: ಎಲ್ಲಿಯ ತನಕ ಸರಿ ಇದೆ, ಎಲ್ಲಿಂದ ಆಚೆ ಕೆಟ್ಟಿದೆ?

ನೆಟ್ ಹೋಗಿದೆ. ಕಂಪನಿಯವರಿಗೆ ಫೋನ್ ಮಾಡೋ ಮುಂಚೆ ಏನು ನೋಡಬೇಕು?

ಡಬ್ಬಿಯ ದೀಪಗಳನ್ನು ನೋಡಿ. ಫೈಬರ್ ಬಂದು ಸೇರುವ ಡಬ್ಬಿಯಲ್ಲಿ ಸಾಮಾನ್ಯವಾಗಿ 'ಪಾನ್' (PON) ಮತ್ತು 'ಲಾಸ್' (LOS) ಎಂಬ ಎರಡು ದೀಪ ಇರುತ್ತವೆ. ಪಾನ್ ಹಸಿರಾಗಿ ನಿಂತು ಉರಿಯಬೇಕು. ಲಾಸ್ ಆರಿರಬೇಕು. ಲಾಸ್ ಕೆಂಪಾಗಿ ಮಿಟುಕುತ್ತಿದ್ದರೆ ಫೈಬರಿನ ಬೆಳಕು ಮನೆಗೆ ತಲುಪುತ್ತಲೇ ಇಲ್ಲ. ಬೀದಿಯಲ್ಲಿ ಯಾರೋ ಅಗೆದಿರಬಹುದು, ಮರದ ಕೊಂಬೆ ಬಿದ್ದು ವೈರ್ ತುಂಡಾಗಿರಬಹುದು, ಅಥವಾ ಸೋಫಾ ಸರಿಸುವಾಗ ವೈರ್ ಮಡಚಿಕೊಂಡಿರಬಹುದು. ಫೈಬರ್ ಒಳಗಿರುವುದು ಗಾಜು. ಜೋರಾಗಿ ಮಡಚಿದರೆ ಮುರಿಯದಿದ್ದರೂ ಬೆಳಕು ಸೋರಿ ಹೋಗುತ್ತದೆ. ಹಾಗಾಗಿ ಮೊದಲು ಗೋಡೆಯಿಂದ ಡಬ್ಬಿ ತನಕ ವೈರ್ ನೋಡಿ, ಮಡಿಕೆ ಬಿಡಿಸಿ. ಆಮೇಲೂ ಕೆಂಪು ಹೋಗದಿದ್ದರೆ ಫೋನ್ ಮಾಡಿ, 'ಲಾಸ್ ಕೆಂಪಾಗಿದೆ' ಎಂದು ಹೇಳಿ. ಅಷ್ಟು ಹೇಳಿದರೆ ಲೈನ್‌ಮನ್ ಬೇಕು ಎನ್ನುವುದು ಅವರಿಗೂ ಗೊತ್ತಾಗುತ್ತದೆ.

ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯಾ ಎಂದು ನೋಡಬೇಡಿ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು.

ಪಾನ್ ಹಸಿರು, ಲಾಸ್ ಆರಿದೆ, ಆದರೂ ನೆಟ್ ಇಲ್ಲ ಎಂದರೆ ವೈರ್ ಸರಿ ಇದೆ. ಬಿಲ್ ಕಟ್ಟಿದ್ದೀರಾ ನೋಡಿ. ಕಟ್ಟಿದ್ದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಕಂಪನಿಯ ಕಡೆಯೇ ಏನೋ ಆಗಿದೆ.

ಎಲ್ಲದಕ್ಕೂ 'ಆಫ್ ಮಾಡಿ ಆನ್ ಮಾಡಿ' ಅಂತಾರಲ್ಲ, ಸುಮ್ನೆ ಸಾಗಹಾಕೋಕಾ?

ಸಾಗಹಾಕುವುದೂ ಇದೆ! ಆದರೆ ಕಾರಣವೂ ಇದೆ. ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್. ತಿಂಗಳುಗಟ್ಟಲೆ ಓಡುತ್ತಾ ಓಡುತ್ತಾ ಅದರ ಮೆಮೊರಿಯಲ್ಲಿ ಹಳೆಯ ಲೆಕ್ಕಗಳು ಉಳಿದುಕೊಳ್ಳುತ್ತವೆ, ಒಂದು ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಕರೆಂಟ್ ತೆಗೆದರೆ ಆ ಮೆಮೊರಿ ಖಾಲಿಯಾಗಿ ಎಲ್ಲವೂ ಮೊದಲಿಂದ ಶುರುವಾಗುತ್ತದೆ. ಆಫ್ ಮಾಡಿದ ಮೇಲೆ ಅರ್ಧ ನಿಮಿಷವಾದರೂ ಬಿಡಿ, ಒಳಗೆ ಉಳಿದ ಕರೆಂಟ್ ಇಳಿಯಬೇಕು. ವಾರಕ್ಕೆ ಎರಡು ಸಲ ಹೀಗೆ ಮಾಡಬೇಕಾಗಿ ಬರುತ್ತಿದೆ ಎಂದರೆ ಡಬ್ಬಿಗೋ ಅದರ ಅಡಾಪ್ಟರ್‌ಗೋ ವಯಸ್ಸಾಗಿದೆ.

ಆಫ್ ಮಾಡುವುದು ಬೇರೆ, ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರಿಸೆಟ್ ಮಾಡುವುದು ಬೇರೆ. ರಿಸೆಟ್ ಮಾಡಿದರೆ ನಿಮ್ಮ ಪಾಸ್‌ವರ್ಡ್, ಕಂಪನಿಯ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತವೆ. ಅದನ್ನು ಮುಟ್ಟಬೇಡಿ.

ಮೊಬೈಲಲ್ಲಿ 8 ಜಿಬಿ ರ್‍ಯಾಮ್ ಇದೆ, ಆದ್ರೂ ಸ್ಟೋರೇಜ್ ಫುಲ್ ಅಂತ ಯಾಕೆ ಬರುತ್ತೆ?

ಎರಡೂ ಬೇರೆ. ರ್‍ಯಾಮ್ ಫೋನ್ ಈ ಕ್ಷಣ ಮಾಡುತ್ತಿರುವ ಕೆಲಸಕ್ಕೆ. ಸ್ವಿಚ್ ಆಫ್ ಮಾಡಿದರೆ ಅದರಲ್ಲಿದ್ದದ್ದು ಹೋಯಿತು. ಫೋಟೊ, ವಿಡಿಯೊ, ಆ್ಯಪ್‌ಗಳು ಉಳಿಯುವುದು ಸ್ಟೋರೇಜ್‌ನಲ್ಲಿ. 128 ಜಿಬಿ, 256 ಜಿಬಿ ಎಂದು ಹೇಳುವುದು ಅದನ್ನು. ನಮ್ಮವರ ಫೋನಿನಲ್ಲಿ ಸ್ಟೋರೇಜ್ ತಿನ್ನುವುದು ಹೆಚ್ಚಾಗಿ ವಾಟ್ಸಾಪ್‌ನ 'ಗುಡ್ ಮಾರ್ನಿಂಗ್' ವಿಡಿಯೊಗಳು. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ಒಳಗೆ ಹೋದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ಸಾಲಾಗಿ ಕಾಣುತ್ತದೆ.

ತೆರೆದಿರೋ ಆ್ಯಪ್‌ಗಳನ್ನೆಲ್ಲ ಆಗಾಗ ತಳ್ಳಿ ಮುಚ್ಚಿದ್ರೆ ಫೋನ್ ಫಾಸ್ಟ್ ಆಗುತ್ತಾ?

ಆಗಲ್ಲ. ಜಾಗ ಬೇಕಾದಾಗ ಹಳೆಯ ಆ್ಯಪ್‌ಗಳನ್ನು ಫೋನ್ ತಾನೇ ತೆಗೆಯುತ್ತದೆ. ನೀವು ಮುಚ್ಚಿದ್ದನ್ನು ಐದು ನಿಮಿಷದಲ್ಲಿ ಮತ್ತೆ ತೆರೆದರೆ ಪೂರ್ತಿ ಮೊದಲಿಂದ ಶುರುವಾಗಬೇಕು. ಅದಕ್ಕೇ ಬ್ಯಾಟರಿ ಜಾಸ್ತಿ ಹೋಗುತ್ತದೆ. ಯಾವುದೋ ಒಂದು ಆ್ಯಪ್ ಹಟ ಹಿಡಿದು ನಿಂತಿದ್ದರೆ ಅದೊಂದನ್ನು ಮುಚ್ಚಿ.

ನೆಟ್ ಇಲ್ಲದೆ ಜಿಪಿಎಸ್ ಕೆಲಸ ಮಾಡುತ್ತಾ?

ಮಾಡುತ್ತದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಮಯವನ್ನು ಸಾರುತ್ತಿರುತ್ತವೆ. ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಸಿಕ್ಕರೆ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು ಮತ್ತು ಟ್ರಾಫಿಕ್ ತಿಳಿಯಲು. ಘಟ್ಟದ ಕಡೆ ಹೊರಡುವ ಮುಂಚೆ ಆ ಭಾಗದ ನಕ್ಷೆಯನ್ನು ಮನೆಯ ವೈಫೈನಲ್ಲೇ ಆಫ್‌ಲೈನ್ ಆಗಿ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ದಾರಿ ತಪ್ಪುವುದಿಲ್ಲ. ಅಂದಹಾಗೆ, ನಮ್ಮದೇ ನಾವಿಕ್ ಉಪಗ್ರಹಗಳೂ ಇವೆ. ಅವುಗಳ ಇಸ್ರೊ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ.

## ಸ್ಪೀಡು, ಸಿಗ್ನಲ್ಲು, ಕರೆಂಟು

100 ಎಂಬಿ ಪ್ಲ್ಯಾನ್ ತಗೊಂಡಿದೀನಿ, ಡೌನ್‌ಲೋಡ್ 12ರ ಮೇಲೆ ಹೋಗ್ತಿಲ್ಲ. ಮೋಸ ಅಲ್ವಾ?

ಮೋಸ ಅಲ್ಲ, ಬೇರೆ ಬೇರೆ ಅಳತೆ. ಪ್ಲ್ಯಾನ್‌ನಲ್ಲಿ ಹೇಳುವುದು ಮೆಗಾಬಿಟ್. ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಹೆಚ್ಚಾಗಿ ಮೆಗಾಬೈಟ್. ಒಂದು ಬೈಟ್‌ಗೆ 8 ಬಿಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಪೂರ್ತಿ ಸ್ಪೀಡೇ ಸಿಗುತ್ತಿದೆ.

ಇದೇ ಜಾತಿಯ ಇನ್ನೊಂದು ದೂರು: 1 ಟಿಬಿ ಡಿಸ್ಕ್ ತಂದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಜಾಗ ಎಲ್ಲೂ ಹೋಗಿಲ್ಲ.

200ರ ಪ್ಲ್ಯಾನು. ವೈರ್ ಹಾಕಿದ್ರೂ ಲ್ಯಾಪ್‌ಟಾಪಲ್ಲಿ 94ಕ್ಕೇ ನಿಲ್ಲುತ್ತೆ. ಯಾಕೆ?

94, 95 ಎಂಬ ಅಂಕಿ ಕಂಡ ಕೂಡಲೇ ನಾನು ವೈರ್ ಮೇಲೆ ಅನುಮಾನ ಪಡುತ್ತೇನೆ. ದಾರಿಯಲ್ಲಿ ಎಲ್ಲೋ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ, ಅದರಲ್ಲಿ ಕೈಗೆ ಸಿಗುವುದೇ ಅಷ್ಟು. ಲ್ಯಾನ್ ವೈರ್‌ನಲ್ಲಿ ನಾಲ್ಕು ಜೊತೆ ತಂತಿ ಇರುತ್ತವೆ. ಗಿಗಾಬಿಟ್‌ಗೆ, ಅಂದರೆ 1000 ಮೆಗಾಬಿಟ್‌ಗೆ, ನಾಲ್ಕೂ ಬೇಕು. ಒಂದು ಕಿತ್ತುಹೋದರೂ ಎಷ್ಟೋ ಸಲ ಉಳಿದವುಗಳ ಮೇಲೆ 100ಕ್ಕೆ ಇಳಿದು ಓಡುತ್ತದೆ, ಕೆಟ್ಟಿದೆ ಎಂದು ಹೇಳುವುದೂ ಇಲ್ಲ. ಬೇರೆ ವೈರ್ ಹಾಕಿ ನೋಡಿ, ಅದರ ಮೇಲೆ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದಿರಲಿ. ಆಮೇಲೂ 94 ಆದರೆ ರೂಟರ್‌ನಲ್ಲೋ ಲ್ಯಾಪ್‌ಟಾಪ್‌ನಲ್ಲೋ ವೈರ್ ಸಿಕ್ಕಿಸುವ ಪೋರ್ಟೇ 100ರದ್ದು. ಅಗ್ಗದ ರೂಟರ್‌ಗಳಲ್ಲಿ ಇದು ಸಾಮಾನ್ಯ.

ಹಾಲಲ್ಲಿ ಚೆನ್ನಾಗಿ ಬರುತ್ತೆ, ಮೇಲಿನ ರೂಮಿಗೆ ವೈಫೈ ಬರಲ್ಲ. ದೊಡ್ಡ ಪ್ಲ್ಯಾನ್ ಹಾಕಿಸಲಾ?

ಬೇಡ, ದುಡ್ಡು ದಂಡ. ಪ್ಲ್ಯಾನ್ ಹೆಚ್ಚಿಸಿದರೆ ರೂಟರ್ ತನಕದ ಸ್ಪೀಡ್ ಹೆಚ್ಚುತ್ತದೆ. ಮೆಟ್ಟಿಲ ಮೇಲೆ ರೇಡಿಯೊ ಅಲೆ ಹತ್ತುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ 30-40 ಸೈಟಿನ ಡ್ಯುಪ್ಲೆಕ್ಸ್ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದಿಷ್ಟು. ಕೇಬಲ್ ಹುಡುಗ ಕಿಟಕಿಯಿಂದ ವೈರ್ ಎಳೆದು, ಕಿಟಕಿಗೆ ಹತ್ತಿರದ ಪ್ಲಗ್‌ನಲ್ಲಿ ರೂಟರ್ ಸಿಕ್ಕಿಸಿ ಹೋಗಿರುತ್ತಾನೆ. ಚೆನ್ನಾಗಿ ಕಾಣಲ್ಲ ಎಂದು ಮನೆಯವರು ಅದನ್ನು ಟಿವಿ ಶೋಕೇಸ್ ಒಳಗೆ ತಳ್ಳುತ್ತಾರೆ. ನಡುವೆ ಕಬ್ಬಿಣ ತುಂಬಿದ ಆರ್‌ಸಿಸಿ ಚಾವಣಿ. ಅಲೆ ಮೇಲೆ ಹೋಗುವುದಾದರೂ ಹೇಗೆ?

ರೂಟರ್ ಸಾಮಾನ್ಯವಾಗಿ ಎರಡು ಬಗೆಯ ಅಲೆ ಕಳಿಸುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನು ಸುಮಾರಾಗಿ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸೋಲುತ್ತದೆ. ಅಪಾರ್ಟ್‌ಮೆಂಟಿನಲ್ಲಿ 2.4ಕ್ಕೆ ಇನ್ನೊಂದು ಕಾಟ ಇದೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲ ಮನೆಯವರೂ ಆ ಮೂರರಲ್ಲೇ ತುರುಕಿಕೊಂಡಿರುತ್ತಾರೆ. ಮೈಕ್ರೊವೇವ್ ಒಲೆ, ಬ್ಲೂಟೂತ್ ಕೂಡ ಅದೇ ಜಾಗದಲ್ಲಿ. ಹಾಗಾಗಿ ರೂಟರ್ ಹತ್ತಿರದ ಟಿವಿ, ಲ್ಯಾಪ್‌ಟಾಪ್‌ಗಳನ್ನು 5ಕ್ಕೆ ಹಾಕಿ. ದೂರದ ಕ್ಯಾಮೆರಾ, ಗೀಸರ್‌ನ ಸ್ಮಾರ್ಟ್ ಪ್ಲಗ್ಗುಗಳಿಗೆ 2.4 ಬಿಡಿ.

ಇನ್ನು ಮೇಲಿನ ರೂಮಿನ ವಿಷಯ. ಮೊದಲು ರೂಟರನ್ನು ಮನೆಯ ನಡುವೆ, ಎತ್ತರಕ್ಕೆ, ಬಯಲಿಗೆ ತನ್ನಿ. ಫ್ರಿಜ್, ದೊಡ್ಡ ಕನ್ನಡಿ, ಅಕ್ವೇರಿಯಂ ಪಕ್ಕ ಬೇಡ. ಆಗಲೂ ಸಾಲದಿದ್ದರೆ ಕೆಳಗಿಂದ ಮೇಲಕ್ಕೆ ಒಂದು ಲ್ಯಾನ್ ವೈರ್ ಎಳೆದು ಅಲ್ಲೊಂದು ರೂಟರ್ ಇಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ವೈರ್ ಎಳೆಯಲು ಆಗದಿದ್ದರೆ ಮೆಶ್ ವೈಫೈ, ಅಂದರೆ ಒಂದಕ್ಕೊಂದು ಮಾತಾಡಿಕೊಂಡು ಒಂದೇ ವೈಫೈ ಹರಡುವ ಎರಡು ಮೂರು ಡಬ್ಬಿಗಳು. ಅಗ್ಗದ ಎಕ್ಸ್‌ಟೆಂಡರ್ ಕೊನೆಯ ಆಯ್ಕೆ. ಅದು ಒಂದೇ ಅಲೆಯಲ್ಲಿ ಕೇಳಿ, ಅದೇ ಅಲೆಯಲ್ಲಿ ಮತ್ತೆ ಹೇಳಬೇಕು, ಸ್ಪೀಡ್ ಹತ್ತಿರಹತ್ತಿರ ಅರ್ಧ ಆಗುತ್ತದೆ. ಹೊಸ ಮನೆ ಕಟ್ಟಿಸುತ್ತಿದ್ದೀರಾ? ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ರೂಮಿಗೂ ಒಂದು ಖಾಲಿ ಪೈಪ್ ಹಾಕಿಸಿಬಿಡಿ.

ಮನೆಗೆ ಎಷ್ಟು ಸ್ಪೀಡ್ ಸಾಕು?

ಎಚ್‌ಡಿ ಸಿನಿಮಾಗೆ 5 ಮೆಗಾಬಿಟ್ ಸಾಕು, 4ಕೆಗೆ 15ರಿಂದ 25. ವಿಡಿಯೊ ಕಾಲ್‌ಗೆ ನಾಲ್ಕು ಮೆಗಾಬಿಟ್ ಧಾರಾಳ. ನಾಲ್ಕು ಜನರ ಮನೆಗೆ 100 ಬೇಕಾದಷ್ಟಾಯಿತು. 300, 500 ಎಂದು ಮಾರುವವರ ಮಾತಿಗೆ ಮರುಳಾಗಬೇಡಿ. 'ಅನ್‌ಲಿಮಿಟೆಡ್' ಎಂದಿದ್ದರೂ ಒಂದು ಮಿತಿ ಇರುತ್ತದೆ, ಹಲವು ಪ್ಲ್ಯಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ. ಸಾಮಾನ್ಯ ಮನೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕಡಲೆಕಾಯಿ ಪರಿಷೆಗೆ ಹೋದ್ರೆ ಸಿಗ್ನಲ್ ಫುಲ್ ಕಡ್ಡಿ ಇರುತ್ತೆ, ಆದ್ರೆ ಒಂದು ಫೋಟೊ ಹೋಗಲ್ಲ. ಹೇಗೆ?

ಕಡ್ಡಿಗಳು ತೋರಿಸುವುದು ಟವರ್‌ನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಆ ಟವರ್ ಎಷ್ಟು ಜನರನ್ನು ಸಂಭಾಳಿಸುತ್ತಿದೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಒಂದು ಟವರ್‌ನ ಒಟ್ಟು ಸಾಮರ್ಥ್ಯವನ್ನು ಅಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ಕಾರ್ತಿಕದ ಕೊನೆ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲರ ಕೈಯಲ್ಲೂ ಫೋನ್, ಎಲ್ಲರೂ ಒಟ್ಟಿಗೆ ವಿಡಿಯೊ ಕಳಿಸುತ್ತಿದ್ದಾರೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮ್ಯಾಚ್ ದಿನವೂ ಇದೇ ಕಥೆ. ಅಲ್ಲಿ ಯುಪಿಐ ನಂಬಿಕೊಂಡು ಹೋಗಬೇಡಿ, ಒಂದಷ್ಟು ಚಿಲ್ಲರೆ ಇಟ್ಟುಕೊಳ್ಳಿ. ಮನೆಯವರನ್ನು ಹುಡುಕಬೇಕಿದ್ದರೆ ಎಸ್‌ಎಂಎಸ್ ಕಳಿಸಿ. ನೆಟ್ ನಿಂತಾಗಲೂ ಅದು ಎಷ್ಟೋ ಸಲ ಹೋಗುತ್ತದೆ.

ಕರೆಂಟ್ ಹೋದಾಗ ರೂಟರ್‌ಗೆ ಯುಪಿಎಸ್ ಕೊಟ್ಟಿದೀನಿ. ಆದ್ರೂ ನೆಟ್ ಹೋಗುತ್ತೆ. ಪಕ್ಕದ ಮನೆಯವರಿಗೆ ಹೋಗಲ್ಲ!

ನಿಮ್ಮಿಬ್ಬರ ಸಂಪರ್ಕದ ಬಗೆ ಬೇರೆ ಇರಬೇಕು. ಕಂಪನಿಯ ಕೇಂದ್ರದಿಂದ ಮನೆ ತನಕ ಫೈಬರೇ ಬಂದಿದ್ದರೆ ದಾರಿಯಲ್ಲಿ ಇರುವುದು ಸ್ಪ್ಲಿಟರ್. ಅದು ಬೆಳಕನ್ನು ಹಲವು ಮನೆಗಳಿಗೆ ಹಂಚುವ ಗಾಜಿನ ಸಾಧನ, ಅದಕ್ಕೆ ಕರೆಂಟೇ ಬೇಡ. ಕೇಂದ್ರದಲ್ಲಿ ಜನರೇಟರ್, ಮನೆಯಲ್ಲಿ ಯುಪಿಎಸ್ ಇದ್ದರೆ ಮುಗಿಯಿತು. ಇನ್ನು ಕೆಲವು ಬಡಾವಣೆಗಳಲ್ಲಿ ಫೈಬರ್ ಬರುವುದು ಬೀದಿಯ ಯಾವುದೋ ಕಟ್ಟಡದ ತಾರಸಿ ತನಕ. ಅಲ್ಲೊಂದು ನೆಟ್ ಹಂಚುವ ಸ್ವಿಚ್ ಡಬ್ಬಿ, ಅಲ್ಲಿಂದ ಮನೆಗಳಿಗೆ ತಾಮ್ರದ ಲ್ಯಾನ್ ವೈರ್. ಬೀದಿಯ ಕರೆಂಟ್ ಹೋದರೆ ಆ ಡಬ್ಬಿ ಆರುತ್ತದೆ. ಅದಕ್ಕೆ ಬ್ಯಾಟರಿ ಇಟ್ಟಿದ್ದಾರಾ ಎಂದು ಕೇಬಲ್‌ನವರನ್ನು ಕೇಳಿ. ಇಲ್ಲ ಎಂದರೆ ನಿಮ್ಮ ಯುಪಿಎಸ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಕೊಳ್ಳುವಾಗ ನಿಮ್ಮ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪ್ ನೋಡಿಕೊಳ್ಳಿ. ಬಹಳಷ್ಟು ರೂಟರ್‌ಗಳು 12 ವೋಲ್ಟ್‌ನವು, ಎಲ್ಲವೂ ಅಲ್ಲ.

ಗುಡುಗು ಸಿಡಿಲು ಇದ್ದಾಗ ಪ್ಲಗ್ ಕೀಳಬೇಕಾ?

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಕಿತ್ತರೆ ಒಳ್ಳೆಯದು. ಮೇಲೆ ಹೇಳಿದ ತಾಮ್ರದ ವೈರ್ ತಾರಸಿಯಿಂದ ತಾರಸಿಗೆ ಬಂದಿದ್ದರೆ ಅದನ್ನೂ ತೆಗೆಯಿರಿ, ಆದರೆ ಗುಡುಗು ಶುರುವಾಗುವ ಮುಂಚೆಯೇ. ಗಾಜಿನ ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ.

## ಕನ್ನಡದ ಅಕ್ಷರ

ಹಳೇ ಕನ್ನಡ ಫೈಲ್ ತೆರೆದ್ರೆ ಏನೇನೋ ವಿಚಿತ್ರ ಅಕ್ಷರ ಬರುತ್ತೆ. ಫೈಲ್ ಹಾಳಾಯ್ತಾ?

ಹಾಳಾಗಿಲ್ಲ, ಗಾಬರಿ ಬೇಡ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಕನ್ನಡಕ್ಕೆಂದು ಬೇರೆ ಅಂಕಿಗಳು ಬಳಕೆಯಲ್ಲಿ ಇಲ್ಲದಿದ್ದಾಗ ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಅಂಕಿಗಳನ್ನೇ ಎರವಲು ಪಡೆದರು. ಫಾಂಟ್‌ನಲ್ಲಿ ಆ ಅಂಕಿಗಳ ಜಾಗದಲ್ಲಿ ಕನ್ನಡದ ಆಕಾರ ಬರೆದಿಟ್ಟರು. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ನಡೆದದ್ದು ಹೀಗೇ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುತ್ತದೆ, ಇಲ್ಲದಲ್ಲಿ ಎರವಲು ಅಕ್ಷರಗಳೇ ಕಾಣುತ್ತವೆ. ಫಾಂಟ್ ಹಾಕಿಕೊಂಡರೆ ಬರಹ ಮರಳಿ ಬರುತ್ತದೆ.

ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಅಂಕಿ ಕೊಡುವ ಪದ್ಧತಿ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ ಸ್ವಂತ ಅಂಕಿಗಳಿವೆ. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದು ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಸರಿಯಾಗಿ ನೆಲೆಯೂರಲು ವರ್ಷಗಳೇ ಬೇಕಾದವು. ಆ ಹೊತ್ತಿಗೆ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ರಾಶಿ ರಾಶಿ ಹಳೆಯ ಫೈಲುಗಳು ತುಂಬಿಹೋಗಿದ್ದವು. ಹಳೆಯದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ತಪ್ಪುವುದು ಅಲ್ಲೇ ಜಾಸ್ತಿ. ತಾತನ ಕವನವೋ ಸಂಘದ ವರದಿಯೋ ಹಳೆಯ ಫೈಲಿನಲ್ಲಿದ್ದರೆ ಈಗಲೇ ಬದಲಿಸಿಡಿ. ಆ ಫಾಂಟ್ ಮುಂದೆ ಎಲ್ಲ ಕಡೆ ಸಿಗುತ್ತದೆ ಎನ್ನುವ ಭರವಸೆ ಇಲ್ಲ.

ನುಡಿಯಲ್ಲಿ ಬೆರಳು ಪಳಗಿರುವ ಕೀಲಿಮಣೆ ಬಿಡಬೇಕಾ ಎಂದು ಹಿರಿಯರು ಕೇಳುತ್ತಾರೆ. ಬಿಡಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸದಲ್ಲೇ ಯುನಿಕೋಡ್ ಟೈಪ್ ಮಾಡಬಹುದು. ಕೀಲಿಮಣೆ ಬೇರೆ, ಅಕ್ಷರದ ಅಂಕಿ ಬೇರೆ.

ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದ್ರೆ ಒಂದಕ್ಕೆ ಎರಡು, ಮೂರು ಲೆಕ್ಕ ಯಾಕೆ?

ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಅದರ ಮೇಲೆ, ಅಕ್ಷರ ಎಂದು ಎಣಿಸುವುದು ನಾವು ಎಣಿಸುವ ಹಾಗಲ್ಲ. 'ಬೆಂಗಳೂರು' ನಮಗೆ ನಾಲ್ಕು ಅಕ್ಷರ. ಫೋನಿಗೆ ಎಂಟು: ಬ, ಎತ್ವ, ಸೊನ್ನೆ, ಗ, ಳ, ಊ ಕೊಂಬು, ರ, ಉ ಕೊಂಬು. ಒಂದೇ ಒಂದು ಕನ್ನಡ ಅಕ್ಷರ ಅಥವಾ ಒಂದು ಇಮೋಜಿ ಸೇರಿದರೂ ಪೂರ್ತಿ ಸಂದೇಶಕ್ಕೆ 70ರ ಲೆಕ್ಕವೇ.

## ಫೋಟೊ, ದುಡ್ಡು, ಗುಟ್ಟು

ಕ್ಲೌಡ್ ಅಂದ್ರೆ ನಿಜವಾಗಿ ಎಲ್ಲಿದೆ?

ನೆಲದ ಮೇಲೇ ಇದೆ. ದೊಡ್ಡ ಕಟ್ಟಡ, ಒಳಗೆ ಸಾಲುಸಾಲು ಕಂಪ್ಯೂಟರ್, ತಂಪು ಮಾಡುವ ಯಂತ್ರ, ಹೊರಗೆ ಜನರೇಟರ್. ನಮ್ಮ ದೇಶದಲ್ಲಿ ಇಂಥವು ಮುಂಬೈ, ಚೆನ್ನೈ, ಹೈದರಾಬಾದ್ ಸುತ್ತ ಹೆಚ್ಚು. ಅಮೆಜಾನ್ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ತನ್ನ ಕ್ಲೌಡ್ ತಾಣ ತೆರೆಯಿತು. ಅದಕ್ಕೆ ಪ್ರೋಗ್ರಾಂ ಬರೆಯುವವರು ಬೆಳ್ಳಂದೂರಿನಲ್ಲಿ ಕೂತಿದ್ದರೂ ಯಂತ್ರಗಳು ಅಲ್ಲಿಲ್ಲ.

ಗೂಗಲ್ ಫೋಟೊಸ್‌ನಲ್ಲಿ ಇದೆ ಅಂತ ಫೋನಲ್ಲಿ ಡಿಲೀಟ್ ಮಾಡಿದೆ. ಎರಡೂ ಕಡೆ ಹೋಯ್ತು!

ತುಂಬಾ ಜನ ಬೀಳುವ ಹಳ್ಳ ಇದು. ಆ ಆ್ಯಪ್ ಒಳಗಿಂದ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಬೇಕಿದ್ದರೆ 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಗುಂಡಿ ಇದೆ. ತಕ್ಷಣ ಗೊತ್ತಾದರೆ ಅದೇ ಆ್ಯಪ್‌ನ ಕಸದ ಬುಟ್ಟಿಯಲ್ಲಿ ಹುಡುಕಿ, ಬ್ಯಾಕಪ್ ಆದ ಫೋಟೊ 60 ದಿನ ಅಲ್ಲಿರುತ್ತದೆ.

ಎರಡು ಕಡೆ ಒಂದೇ ಥರ ಇಡುವುದಕ್ಕೆ ಬ್ಯಾಕಪ್ ಎನ್ನಲಾಗುವುದಿಲ್ಲ. ಒಂದು ಕಡೆ ಕೈ ತಪ್ಪಿದರೂ ಇನ್ನೊಂದು ಕಡೆ ಉಳಿಯಬೇಕು, ಅದು ಬ್ಯಾಕಪ್. ಮದುವೆ, ನಾಮಕರಣದ ಫೋಟೊಗಳನ್ನು ವರ್ಷಕ್ಕೊಮ್ಮೆ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ ಬೀರುವಿನಲ್ಲಿಡಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಏರಿಸುವ ಎಲ್ಲ ಫೋಟೊಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಹಳೇ ಲ್ಯಾಪ್‌ಟಾಪ್ ಆನ್ ಆಗೋಕೆ ಐದು ನಿಮಿಷ ಬೇಕು. ಹೊಸದು ತಗೊಳ್ಳಲಾ?

ಮೊದಲು ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕಾ ಎಂದು ನೋಡಿ. ಹೌದಾದರೆ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಬೇಕಾದ್ದನ್ನು ಕೂಡಲೇ ಎತ್ತಿಕೊಡುತ್ತದೆ. ಎಸ್.ಪಿ. ರೋಡ್‌ನಲ್ಲಿ ನಿಮ್ಮೆದುರೇ ಬದಲಿಸಿ ಕೊಡುವ ಅಂಗಡಿಗಳಿವೆ. ಬಿಲ್ಲು, ವಾರಂಟಿ ಕೇಳಿ ಪಡೆಯಿರಿ, ಹಳೆಯ ಡಿಸ್ಕನ್ನು ಅಲ್ಲಿ ಬಿಟ್ಟು ಬರಬೇಡಿ, ನಿಮ್ಮ ಫೋಟೊ, ದಾಖಲೆ ಎಲ್ಲ ಅದರಲ್ಲೇ ಇರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹತ್ತದಿದ್ದರೆ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿ. ಬ್ರೌಸರ್, ಪತ್ರ ಬರೆಯುವುದು, ಸಿನಿಮಾ ನೋಡುವುದಕ್ಕೆ ಅದು ಸಾಕು.

ಇನ್‌ಕಾಗ್ನಿಟೋದಲ್ಲಿ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಅದು ನೀವು ನೋಡಿದ್ದರ ಪಟ್ಟಿಯನ್ನು ಬ್ರೌಸರ್ ಉಳಿಸಿಕೊಳ್ಳದ ಕಿಟಕಿ. ನಿಮ್ಮ ಫೋನನ್ನು ಆಮೇಲೆ ತೆಗೆದು ನೋಡುವವರಿಗೆ ಗೊತ್ತಾಗಲ್ಲ. ಆಫೀಸ್ ವೈಫೈನವರಿಗೆ, ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟಿಗೆ ಹೋದಿರಿ ಎಂದು ಆಗಲೂ ಗೊತ್ತಾಗುತ್ತದೆ.

ಬೀಗದ ಗುರುತು ಇತ್ತು, ಅದಕ್ಕೇ ನಂಬಿದೆ. ಆದ್ರೂ ಮೋಸ ಆಯ್ತು. ಹೇಗೆ?

ಬ್ರೌಸರ್‌ನಲ್ಲಿ ಸೈಟಿನ ವಿಳಾಸದ ಪಕ್ಕ ಕಾಣುವ ಬೀಗ ಹೇಳುವುದು ಒಂದೇ ಮಾತು: ನಿಮ್ಮ ಮತ್ತು ಆ ಸೈಟಿನ ನಡುವೆ ಹೋಗುವುದನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆ ಕಡೆ ಇರುವವನೇ ಕಳ್ಳ ಆಗಿದ್ದರೆ? ಬೀಗ ಪುಕ್ಕಟೆ ಸಿಗುತ್ತದೆ, ಅವನೂ ಹಾಕಿಸಿಕೊಂಡಿರುತ್ತಾನೆ. ಈ ತಪ್ಪು ನಂಬಿಕೆಯ ಕಾರಣಕ್ಕೇ ಕ್ರೋಮ್ 2023ರಲ್ಲಿ ಆ ಗುರುತನ್ನು ತೆಗೆದುಹಾಕಿತು. ನೋಡಬೇಕಾದ್ದು ವಿಳಾಸದ ಕಾಗುಣಿತ.

ಈಗ ಜಾಸ್ತಿ ಓಡುತ್ತಿರುವ ಮೋಸಗಳು ಎರಡು. 'ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ' ಎಂಬ ಸಂದೇಶ ಒಂದು. ಟ್ರಾಫಿಕ್ ದಂಡ ಅಥವಾ ಮದುವೆ ಕರೆಯೋಲೆ ಎಂದು ವಾಟ್ಸಾಪ್‌ಗೆ ಬರುವ ಎಪಿಕೆ ಫೈಲ್ ಇನ್ನೊಂದು. ಎಪಿಕೆ ಎಂದರೆ ಆ್ಯಪ್. ಕರೆಯೋಲೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಯಾಕೆ ಬರುತ್ತದೆ? ಅದನ್ನು ಹಾಕಿಕೊಂಡರೆ ನಿಮ್ಮ ಒಟಿಪಿಗಳನ್ನು ಅದೇ ಓದಿ ಆಚೆ ಕಳಿಸುತ್ತದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ. ಪಿನ್ ಒತ್ತಿದಿರಿ ಎಂದರೆ ಹಣ ನಿಮ್ಮಿಂದ ಹೋಗುತ್ತಿದೆ. ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುಂಚೆ ತಡೆಯಲು ಅವಕಾಶ ಇರುತ್ತದೆ.

## ಸ್ವಲ್ಪ ಆಳಕ್ಕೆ

ವಾಟ್ಸಾಪ್ ಬರ್ತಿದೆ, ಆದ್ರೆ ಬ್ರೌಸರ್‌ನಲ್ಲಿ ಒಂದು ಸೈಟೂ ತೆರೀತಿಲ್ಲ. ಇದೆಂಥ ಕಾಯಿಲೆ?

ಹೆಚ್ಚಾಗಿ ಡಿಎನ್‌ಎಸ್. ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ಅಂಕಿಯ ವಿಳಾಸದಿಂದ. ನೀವು ಸೈಟಿನ ಹೆಸರು ಬರೆದಾಗ ಅದರ ಅಂಕಿ ಏನು ಎಂದು ಮೊದಲು ಡಿಎನ್‌ಎಸ್ ಸರ್ವರ್ ಎಂಬ ಕಂಪ್ಯೂಟರನ್ನು ಕೇಳಬೇಕು. ಅದು ಸುಮ್ಮನಾದರೆ ಹೊಸ ಸೈಟು ತೆರೆಯುವುದಿಲ್ಲ. ವಾಟ್ಸಾಪ್ ಮೊದಲೇ ಹಿಡಿದುಕೊಂಡ ಸಂಪರ್ಕದಲ್ಲೇ ಓಡುತ್ತಿರುತ್ತದೆ. ಲ್ಯಾಪ್‌ಟಾಪ್ ಅಥವಾ ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಬರೆದು ನೋಡಿ. ಸರಿಹೋದರೆ ಕಾಯಿಲೆ ಅದೇ ಎಂದು ಖಾತ್ರಿ.

ಇಂಟರ್‌ನೆಟ್ ಚಿಕ್ಕದಿದ್ದ ಕಾಲದಲ್ಲಿ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು, ಎಲ್ಲರೂ ಅದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದ ಮೇಲೆ ಆ ಪಟ್ಟಿ ಹಂಚಿಹೋಯಿತು.

ಸ್ಪೀಡ್ ಟೆಸ್ಟ್‌ನಲ್ಲಿ 300 ಬರುತ್ತೆ. ಮಗ ಆಟ ಆಡುವಾಗ ಪಿಂಗ್ ಜಾಸ್ತಿ ಅಂತ ಕಿರುಚ್ತಾನೆ. ಯಾರು ಸುಳ್ಳು?

ಇಬ್ಬರೂ ನಿಜ. ಮೆಜೆಸ್ಟಿಕ್‌ನಿಂದ ಮೈಸೂರಿಗೆ ಬಸ್ಸಿನಲ್ಲಿ 50 ಜನ ಹೋಗಬಹುದು, ಕಾರಿನಲ್ಲಿ ನಾಲ್ಕು. ಜನ ಜಾಸ್ತಿ ಹಿಡಿಸುತ್ತಾರೆ ಎಂದು ಬಸ್ಸು ಮೊದಲು ತಲುಪುವುದಿಲ್ಲ. 300 ಎನ್ನುವುದು ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಪಿಂಗ್ ಎನ್ನುವುದು ಹೋಗಿ ಬರಲು ಹಿಡಿಯುವ ಸಮಯ.

ಆ ಸಮಯಕ್ಕೆ ಒಂದು ಕೆಳಮಿತಿ ಇದೆ. ಫೈಬರಿನ ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಚೆನ್ನೈನಿಂದ ಸಿಂಗಪುರಕ್ಕೆ ಸಮುದ್ರದಡಿಯ ಕೇಬಲ್ ಸುಮಾರು 3200 ಕಿ.ಮೀ. ಹೋಗಿ ಬರುವುದಕ್ಕೇ 32 ಮಿಲಿಸೆಕೆಂಡ್. ಬೆಂಗಳೂರಿನಿಂದ ಚೆನ್ನೈ, ನಡುವಿನ ಯಂತ್ರಗಳು ಎಲ್ಲ ಸೇರಿ ಇನ್ನಷ್ಟು. ಆಟದ ಸರ್ವರ್ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ 200 ದಾಟುತ್ತದೆ. ಯಾವ ಪ್ಲ್ಯಾನ್ ಹಾಕಿಸಿದರೂ ಇದು ಇಳಿಯಲ್ಲ. ಆಟದಲ್ಲಿ ಮುಂಬೈ ಅಥವಾ ಸಿಂಗಪುರದ ಸರ್ವರ್ ಆರಿಸಿಕೊಳ್ಳಲು ಮಗನಿಗೆ ಹೇಳಿ, ಸಾಧ್ಯವಾದರೆ ಲ್ಯಾನ್ ವೈರ್ ಕೊಡಿ. ವೈಫೈ ಆಗಾಗ ತಡವರಿಸಿ ಪಿಂಗ್ ಏರಿಸುತ್ತದೆ.

ಎಲ್ಲೋ ಸಮುದ್ರದಲ್ಲಿ ಕೇಬಲ್ ಕಟ್ ಆದ್ರೆ ನಮಗೆ ಯಾಕೆ ತೊಂದರೆ? ಎಲ್ಲ ಉಪಗ್ರಹದಿಂದ ಬರೋದಲ್ವಾ?

ಒಂದು ಕಾಲಕ್ಕೆ ಹಾಗಿತ್ತು. 1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದೊಂದಿಗೆ ಕೆಲಸ ಹಂಚಿಕೊಂಡದ್ದು ಉಪಗ್ರಹದ ಮೂಲಕವೇ. ಆ ಬಗೆಯ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಇರುತ್ತದೆ, ಕೇಳಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕು. ಇವತ್ತು ದೇಶದೇಶಗಳ ನಡುವಿನ ಬಹುಪಾಲು ಓಡಾಟ ಸಮುದ್ರದ ತಳದಲ್ಲಿರುವ ಫೈಬರಿನದು. ಬೆಂಗಳೂರಿಗೆ ಸಮುದ್ರ ಇಲ್ಲ. ನಮ್ಮ ದಾರಿ ಚೆನ್ನೈ, ಮುಂಬೈ, ಕೊಚ್ಚಿಯ ದಡಗಳಲ್ಲಿ ನೀರಿಗೆ ಇಳಿಯುತ್ತದೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ನೆಟ್ ಕುಂಟಿತು.

ಅಂಥ ದಿನ ಒಂದು ಚೋದ್ಯ ಕಾಣುತ್ತೀರಿ. ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಆಫೀಸಿನ ವಿದೇಶಿ ಸೈಟು ತೆರೆಯುವುದಿಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರು ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಯನ್ನು ನಮ್ಮೂರಿನ ನೆಟ್ ಕಂಪನಿಗಳ ಕೇಂದ್ರದಲ್ಲೇ ಇಟ್ಟಿರುತ್ತಾರೆ. ಆ ವಿಡಿಯೊ ಸಮುದ್ರ ದಾಟಿ ಬರುವುದೇ ಇಲ್ಲ.

ಊರ ಮನೆಗೆ ಸಿಸಿಟಿವಿ ಹಾಕಿಸಿದೀನಿ. ಪೋರ್ಟ್ ಫಾರ್ವರ್ಡ್ ಎಲ್ಲ ಮಾಡಿದ್ರೂ ಬೆಂಗಳೂರಿಂದ ಕಾಣಲ್ಲ. ಯಾಕೆ?

ಪೋರ್ಟ್ ಫಾರ್ವರ್ಡ್ ಎಂದರೆ ಹೊರಗಿನಿಂದ ಬಂದದ್ದನ್ನು ಮನೆಯೊಳಗಿನ ಕ್ಯಾಮೆರಾಗೆ ದಾಟಿಸು ಎಂದು ರೂಟರ್‌ಗೆ ಹೇಳಿಡುವುದು. ಆದರೆ ನಿಮ್ಮ ರೂಟರ್‌ಗೆ ಸ್ವಂತ ವಿಳಾಸವೇ ಇಲ್ಲದಿರಬಹುದು. ಹಳೆಯ ಬಗೆಯ ಐಪಿ ವಿಳಾಸಗಳು (ಮೇಲೆ ಹೇಳಿದ ಅಂಕಿಯ ವಿಳಾಸಗಳು) ಇರುವುದೇ ಜಗತ್ತಿಗೆಲ್ಲ ಸುಮಾರು 429 ಕೋಟಿ. ನಮ್ಮ ದೇಶದ ಜನಸಂಖ್ಯೆಯೇ 140 ಕೋಟಿ ದಾಟಿದೆ, ಒಬ್ಬೊಬ್ಬರ ಮನೆಯಲ್ಲೂ ಮೂರು ನಾಲ್ಕು ಯಂತ್ರ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಬಂದ ವಿಳಾಸಗಳು 2011ರ ಏಪ್ರಿಲ್‌ನಲ್ಲೇ ತಳ ಕಂಡವು. ಹಾಗಾಗಿ ಕಂಪನಿಗಳು ಒಂದೇ ಹೊರಗಿನ ವಿಳಾಸದ ಹಿಂದೆ ಎಷ್ಟೋ ಮನೆಗಳನ್ನು ಇಡುತ್ತವೆ. ಒಳಗಿಂದ ಹೊರಗೆ ಹೋಗಲು ತೊಂದರೆ ಇಲ್ಲ. ಹೊರಗಿನಿಂದ ಬಂದದ್ದು ಯಾವ ಮನೆಗೆ ಎಂದು ಗೊತ್ತಾಗುವುದಿಲ್ಲ. ನಿಮ್ಮ ರೂಟರ್‌ನಲ್ಲಿ ಮಾಡಿದ ಪೋರ್ಟ್ ಫಾರ್ವರ್ಡ್ ಕಂಪನಿಯ ಬಾಗಿಲಿನಲ್ಲೇ ನಿಂತುಹೋಗುತ್ತದೆ.

ಪರೀಕ್ಷೆ ಸುಲಭ. ರೂಟರ್‌ನ ಪುಟದಲ್ಲಿ 'ವ್ಯಾನ್ ಐಪಿ' (WAN IP) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನೀವು ಈ ಗುಂಪಿನಲ್ಲಿದ್ದೀರಿ. ಆಗ ಮೂರು ದಾರಿ ಇವೆ. ಕಂಪನಿಗೆ ಪ್ರತ್ಯೇಕ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಪಡೆಯುವುದು ಒಂದು. ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುವುದು ಇನ್ನೊಂದು. ಅಲ್ಲಿ ಕ್ಯಾಮೆರಾ ತಾನೇ ಹೊರಗಿನ ಸರ್ವರ್ ಜೊತೆ ಸಂಪರ್ಕ ಹಿಡಿದಿರುವುದರಿಂದ ಈ ಅಡ್ಡಿ ಇಲ್ಲ. ಮೂರನೆಯದು ಹೊಸ ಬಗೆಯ ವಿಳಾಸ, ಐಪಿವಿ6. ಅದರಲ್ಲಿ ವಿಳಾಸಗಳಿಗೆ ಬರವೇ ಇಲ್ಲ, ಆದರೆ ಕ್ಯಾಮೆರಾ, ಊರಿನ ನೆಟ್, ನಿಮ್ಮ ಫೋನ್ ಮೂರಕ್ಕೂ ಅದು ಗೊತ್ತಿರಬೇಕು. ಮನೆಯವರಿಗೆ ಸುಲಭ ಎರಡನೆಯದು. ಹಾಗೆ ಮಾಡುವಿರಾದರೆ ಕ್ಯಾಮೆರಾ ಜೊತೆ ಬಂದ 'ಅಡ್ಮಿನ್' ಪಾಸ್‌ವರ್ಡನ್ನು ಅವತ್ತೇ ಬದಲಿಸಿ. ಹಾಕಿಕೊಟ್ಟ ಹುಡುಗನಿಗೂ, ಅವನ ಅಂಗಡಿಯವರಿಗೂ ಅದು ಬಾಯಿಪಾಠ ಆಗಿರುತ್ತದೆ.